ಪಾಂಪೆ ಉಳಿಯಬಾರದಿತ್ತೇ? ‘ದಿ ಫೈರ್ಸ್ ಆಫ್ ಪಾಂಪೆ’ ಕಂತಿನ ಸುತ್ತ ಒಂದು ಚರ್ಚೆ

ಕಾಲಯಾನಿ

ಕಂತನ್ನು ಇನ್ನೂ ನೋಡಿರದವರು ನೋಡಿದ ಮೇಲೆ ಓದಿ. ಕೊನೆಯ ದೃಶ್ಯದವರೆಗೂ ಎಲ್ಲವನ್ನೂ ಬಿಚ್ಚಿಟ್ಟು ಮಾತನಾಡಬೇಕಾಗಿದೆ.

ಕಾಲಯಾನದ ಕಥೆ ಹೇಳುವ ಬ್ರಿಟಿಷ್ ಧಾರಾವಾಹಿ ‘ಡಾಕ್ಟರ್ ಹೂ’ವಿನ ‘ದಿ ಫೈರ್ಸ್ ಆಫ್ ಪಾಂಪೆ’ ಕಂತು 2008ರ ಏಪ್ರಿಲ್ 12ರಂದು ಬಿಬಿಸಿಯಲ್ಲಿ ಪ್ರಸಾರವಾಯಿತು. ಬರೆದವರು ಜೇಮ್ಸ್ ಮೊರಾನ್. ಕಾಲಯಾನಿಯಾದ ‘ಡಾಕ್ಟರ್’ ಪಾತ್ರದಲ್ಲಿ ಡೇವಿಡ್ ಟೆನೆಂಟ್, ಅವನ ಪಯಣದ ಸಂಗಾತಿ ಡೋನಾ ಪಾತ್ರದಲ್ಲಿ ಕ್ಯಾಥರಿನ್ ಟೇಟ್. ಪ್ರಾಚೀನ ರೋಮ್ ನಗರಕ್ಕೆ ಬಂದಿದ್ದೇವೆಂದು ಇಬ್ಬರೂ ಖುಷಿಯಲ್ಲಿ ಬೀದಿ ಸುತ್ತುತ್ತಾರೆ. ಆಮೇಲೆ ನೋಡಿದರೆ ರೋಮ್‌ನಲ್ಲಿರಬೇಕಾದ ಏಳು ಬೆಟ್ಟಗಳಿಲ್ಲ. ಒಂದೇ ಬೆಟ್ಟವಿದೆ, ಅದೂ ಹೊಗೆಯಾಡುತ್ತಿದೆ. ಅದು ಪಾಂಪೆ, ಸಾ.ಶ. 79ನೇ ವರ್ಷ. ನಾಳೆ ವೆಸುವಿಯಸ್ ಅಗ್ನಿಪರ್ವತ ಸಿಡಿದು ಊರನ್ನು ಹೂಳಲಿದೆ.

ಊರನ್ನು ಖಾಲಿ ಮಾಡಿಸೋಣ ಎಂದು ಡೋನಾ ಹೇಳುತ್ತಾಳೆ. ಆಗದು ಎಂದು ಡಾಕ್ಟರ್ ಹೇಳುತ್ತಾನೆ. ಕಾಲದಲ್ಲಿ ಕೆಲವು ಘಟನೆಗಳು ಬದಲಾಗಬಹುದು, ಕೆಲವು ಬದಲಾಗಲೇಬಾರದು, ಪಾಂಪೆ ಎರಡನೆಯ ಬಗೆಯ ಸ್ಥಿರ ಬಿಂದು ಎಂಬುದು ಅವನ ವಾದ. ಯಾವುದು ಯಾವ ಬಗೆ ಎಂದು ಅವನಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದಂತೆ. ಆಗ ಡೋನಾ ಎಷ್ಟು ಜನ ಸತ್ತರು ಎಂದು ಕೇಳುತ್ತಾಳೆ. ಅವನು ಮಾತು ತಪ್ಪಿಸಲು ನೋಡುತ್ತಾನೆ, ಅವಳು ಬಿಡುವುದಿಲ್ಲ. ಇಪ್ಪತ್ತು ಸಾವಿರ ಎಂಬ ಉತ್ತರ ಕೊನೆಗೂ ಹೊರಬೀಳುತ್ತದೆ. ಆ ಇಪ್ಪತ್ತು ಸಾವಿರ ಮಂದಿಯೂ ನಿನಗೆ ಕಾಣುತ್ತಾರೆಯೇ, ಅದು ಸರಿಯೆಂದು ನಿನಗೆ ಅನ್ನಿಸುತ್ತದೆಯೇ ಎಂದು ಅವಳು ಮರುಪ್ರಶ್ನೆ ಹಾಕುತ್ತಾಳೆ.

ಈ ಕಂತಿನ ಬಗ್ಗೆ ಮಾತು ಶುರುವಾದರೆ ಸಾಕು, ಸ್ಥಿರ ಬಿಂದು ಎಂಬ ನಿಯಮ ಸರಿಯೇ ತಪ್ಪೇ ಎಂಬಲ್ಲಿಗೆ ಬಂದು ನಿಂತುಬಿಡುತ್ತದೆ. ಕಂತು ಅದಕ್ಕಿಂತ ಸೂಕ್ಷ್ಮವಾದುದನ್ನು ಹೇಳುತ್ತಿದೆ. ದುರಂತವನ್ನು ತಡೆಯಬಹುದೇ ಎಂಬುದು ಒಂದು ಪ್ರಶ್ನೆ. ದುರಂತದ ಬಾಯಿಂದ ಮನುಷ್ಯರನ್ನು ಎಳೆದುಕೊಳ್ಳಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಗೊತ್ತಿರುವುದರಿಂದ ಡಾಕ್ಟರ್ ಎರಡನೆಯದನ್ನು ಕೇಳಿಕೊಳ್ಳುವುದನ್ನೇ ಬಿಟ್ಟಿದ್ದಾನೆ. ಡೋನಾ ಈ ಎರಡರ ಗಂಟನ್ನು ಬಿಡಿಸುತ್ತಾಳೆ. ಕಂತಿನ ಸಾಧನೆಯೆಲ್ಲ ಅಷ್ಟರಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಸನ್ನೆಗೋಲಿನ ದೃಶ್ಯವನ್ನು ಇನ್ನೊಮ್ಮೆ ನೋಡಿ. ಬೆಟ್ಟದ ಒಡಲಲ್ಲಿ ಪೈರೋವೈಲ್ ಎಂಬ ಬೆಂಕಿಬಂಡೆಯ ಜೀವಿಗಳು ಜ್ವಾಲಾಮುಖಿಯ ಶಕ್ತಿಯನ್ನು ಹೀರಿ ಮನುಷ್ಯಕುಲವನ್ನೇ ತಮ್ಮಂತೆ ಮಾಡಿಕೊಳ್ಳಲು ಹೊರಟಿವೆ. ಆ ಯಂತ್ರವನ್ನು ತಿರುಗಿಸಿದರೆ ಜಗತ್ತು ಉಳಿಯುತ್ತದೆ, ಆದರೆ ವೆಸುವಿಯಸ್ ಸಿಡಿಯುತ್ತದೆ. ಅಂದರೆ ಪಾಂಪೆಯನ್ನು ಸುಡುವವನು ಡಾಕ್ಟರೇ. ಅವನ ಕೈ ಸನ್ನೆಗೋಲಿನ ಮೇಲಿದೆ, ಒತ್ತಲು ಆಗುತ್ತಿಲ್ಲ. ಡೋನಾ ಏನೂ ಹೇಳದೆ ತನ್ನ ಕೈಗಳನ್ನು ಅವನ ಕೈಗಳ ಮೇಲಿಡುತ್ತಾಳೆ. ಇಬ್ಬರೂ ಸೇರಿ ಒತ್ತುತ್ತಾರೆ. ಅಷ್ಟು ಹೊತ್ತು ಅವನ ತೀರ್ಮಾನದ ವಿರುದ್ಧ ಜಗಳವಾಡಿದವಳು, ಆ ತೀರ್ಮಾನದ ಪಾಪದಲ್ಲಿ ತಾನೂ ಪಾಲು ತೆಗೆದುಕೊಳ್ಳುತ್ತಾಳೆ.

ನಿಮಗೆಲ್ಲ ಏನನ್ನಿಸಿತು?

ನಿಷ್ಠುರ

ಸನ್ನೆಗೋಲಿನ ದೃಶ್ಯ ಚೆನ್ನಾಗಿದೆ, ತಕರಾರಿಲ್ಲ. ನನ್ನ ಆಕ್ಷೇಪ ಅದರ ನಂತರದ್ದು. ಒಂದು ನಿಯಮವನ್ನು ನಲವತ್ತು ನಿಮಿಷ ಕಟ್ಟಿ ನಿಲ್ಲಿಸಿ, ಡೋನಾ ಅತ್ತಳೆಂದು ಕೊನೆಯ ಐದು ನಿಮಿಷದಲ್ಲಿ ಅದನ್ನು ಸಡಿಲಿಸಿದರೆ ಆ ನಿಯಮಕ್ಕೆ ಬೆಲೆ ಏನು? ಪಾಂಪೆಯ ಕೇಸಿಲಿಯಸ್, ಅವನ ಹೆಂಡತಿ ಮೆಟೆಲ್ಲಾ, ಮಗ ಕ್ವಿಂಟಸ್, ಮಗಳು ಎವೆಲಿನಾ ಈ ನಾಲ್ವರು ಬದುಕುತ್ತಾರೆ. ಏಕೆ ಬದುಕುತ್ತಾರೆ? ನಾವು ಅವರ ಮನೆಯೊಳಗೆ ಹೋಗಿದ್ದೇವೆ, ಅವರ ಹೆಸರು ನಮಗೆ ಗೊತ್ತು ಎಂಬ ಕಾರಣಕ್ಕೆ. ಪಕ್ಕದ ಮನೆಯವರು ಯಾವ ತಪ್ಪು ಮಾಡಿದ್ದರು? ಮುಖಪರಿಚಯದ ಮೇಲೆ ಕರುಣೆ ಹಂಚುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ.

ಸ್ಥಿರ ಬಿಂದು ನಿಜವಾಗಿಯೂ ಸ್ಥಿರವಾಗಿದ್ದರೆ ನಾಲ್ವರನ್ನೂ ಬಿಟ್ಟು ಬರಬೇಕಿತ್ತು. ಅಲ್ಲವಾದರೆ ಕನಿಷ್ಠ ನಾನೂರು ಮಂದಿಯನ್ನು ತುಂಬಿಕೊಂಡು ಬರಬೇಕಿತ್ತು. ಡಾಕ್ಟರನ ಕಾಲಯಂತ್ರ ಟಾರ್ಡಿಸ್‌ನ ಒಳಗೆ ಜಾಗಕ್ಕೇನೂ ಬರವಿಲ್ಲ.

ಮರಳುಗಡಿಯಾರ

ನಿಯಮ ಮುರಿಯಿತು ಎನ್ನುವುದಕ್ಕಿಂತ ಮೊದಲು ಕಂತಿನ ತರ್ಕವನ್ನು ಗಮನಿಸಬೇಕು. ಅದು ಈ ಧಾರಾವಾಹಿಯಲ್ಲೇ ಅತಿ ಬಿಗಿಯಾದ ಕಾಲಚಕ್ರಗಳಲ್ಲಿ ಒಂದು.

ಕಾಲಯಾನದ ಬಗ್ಗೆ ಭೌತವಿಜ್ಞಾನಿಗಳು ತಲೆಕೆಡಿಸಿಕೊಂಡಿರುವುದು ಕಡಿಮೆಯೇನಲ್ಲ. ಐನ್‌ಸ್ಟೈನ್ ಸಮೀಕರಣಗಳಿಗೆ ಕುರ್ಟ್ ಗ್ಯೋಡೆಲ್ 1949ರಲ್ಲಿ ಒಂದು ಪರಿಹಾರ ಕಂಡುಹಿಡಿದರು. ಇಡೀ ವಿಶ್ವವೇ ತಿರುಗುತ್ತಿದ್ದರೆ, ಮುಂದಕ್ಕೆ ಸಾಗುತ್ತಲೇ ತನ್ನ ಭೂತಕಾಲವನ್ನು ಮುಟ್ಟುವ ದಾರಿಗಳು ಅದರಲ್ಲಿ ಇರುತ್ತವೆ ಎಂದು ಅದು ತೋರಿಸಿತು. ನಮ್ಮ ವಿಶ್ವ ಹಾಗೆ ತಿರುಗುತ್ತಿರುವ ಕುರುಹು ಇಲ್ಲ, ಅದು ಬೇರೆ ಮಾತು. ಅಂಥ ದಾರಿ ಇದ್ದರೆ ಒಬ್ಬ ಹಿಂದಕ್ಕೆ ಹೋಗಿ ತನ್ನ ಅಜ್ಜನನ್ನೇ ಕೊಂದರೆ ಏನಾಗುತ್ತದೆ ಎಂಬ ತೊಡಕು ಹುಟ್ಟುತ್ತದೆ. ರಷ್ಯಾದ ಇಗೋರ್ ನೋವಿಕೋವ್ ಕೊಟ್ಟ ಉತ್ತರ ನೇರವಾಗಿದೆ: ಕೊಲ್ಲಲು ಆಗುವುದಿಲ್ಲ. ಹಿಂದಕ್ಕೆ ಹೋದವನು ಏನು ಮಾಡಿದರೂ ಅದು ಆಗಲೇ ಇತಿಹಾಸದ ಭಾಗವಾಗಿರುತ್ತದೆ. ತನಗೆ ತಾನೇ ವಿರುದ್ಧವಾದ ಘಟನೆ ನಡೆಯುವುದಿಲ್ಲ. ಸ್ಟೀಫನ್ ಹಾಕಿಂಗ್ 1992ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಥ ದಾರಿಗಳು ಉಂಟಾಗುವುದನ್ನೇ ಪ್ರಕೃತಿಯ ನಿಯಮಗಳು ತಡೆಯುತ್ತವೆ ಎಂಬ ಊಹೆಯನ್ನು ಮುಂದಿಟ್ಟರು.

ಈಗ ಕಂತಿಗೆ ಬನ್ನಿ. ಡಾಕ್ಟರ್ ಪಾಂಪೆಗೆ ಬರದಿದ್ದರೆ ವೆಸುವಿಯಸ್ ಸಿಡಿಯುತ್ತಿರಲಿಲ್ಲ. ಅದು ಸಿಡಿದಿದೆ ಎಂದು ಡೋನಾಗೆ ಗೊತ್ತು. ಅಂದಮೇಲೆ ಅವನು ಬಂದೇ ಇದ್ದ, ಒತ್ತಿಯೇ ಇದ್ದ. ಎವೆಲಿನಾ ಮತ್ತು ಊರಿನಲ್ಲಿ ಭವಿಷ್ಯ ಕಾಣುವ ಇತರರಿಗೆ ನಾಳೆಯ ಅಗ್ನಿಪರ್ವತ ಕಾಣದಿರುವುದಕ್ಕೂ ಕಾರಣ ಅಲ್ಲೇ ಇದೆ. ಸನ್ನೆಗೋಲು ಒತ್ತುವವರೆಗೆ ಅವರ ನಾಳೆಯಲ್ಲಿ ಅಗ್ನಿಪರ್ವತವೇ ಇರಲಿಲ್ಲ. ಈ ಸುಳಿವನ್ನು ಕಥೆ ಮೊದಲರ್ಧದಲ್ಲೇ ನಮ್ಮ ಕಣ್ಣೆದುರಿಗೆ ಇಟ್ಟಿರುತ್ತದೆ. ನೋವಿಕೋವ್ ಲೆಕ್ಕದಲ್ಲಿ ಕೇಸಿಲಿಯಸ್ ಕುಟುಂಬವೂ ಹಾಗೆಯೇ: ಅವರು ಎಂದೂ ಸತ್ತಿರಲೇ ಇಲ್ಲ. ನಿಷ್ಠುರ ಅವರು ಹೇಳಿದ ನಿಯಮಭಂಗ ನಡೆದೇ ಇಲ್ಲ.

ನಿಷ್ಠುರ

ತರ್ಕ ಒಪ್ಪಿದೆ. ಆದರೆ ಆ ತರ್ಕ ಡೋನಾಳ ಅಳುವನ್ನು ನಿರರ್ಥಕ ಮಾಡಿಬಿಡುತ್ತದಲ್ಲ? ಎಲ್ಲವೂ ಮೊದಲೇ ಬರೆದಿಟ್ಟಿದ್ದರೆ ಅವಳು ಬೇಡಿದ್ದಕ್ಕೆ ಅರ್ಥವೇನು?

ಮರಳುಗಡಿಯಾರ

ಇಲ್ಲ. ಅವಳು ಬೇಡಿದ್ದರಿಂದಲೇ ಅವರು ಬದುಕಿದರು. ಫಲ ನಿಶ್ಚಿತವಾಗಿತ್ತು ಎಂದ ಮಾತ್ರಕ್ಕೆ ಕಾರಣ ಸುಳ್ಳಾಗುವುದಿಲ್ಲ. ಅವಳ ಬೇಡಿಕೆಯನ್ನು ಕಳಚಿ ತೆಗೆದರೆ ಆ ಸರಪಳಿಯೇ ಕೂಡಿಬರುವುದಿಲ್ಲ.

ಶಾಸನಪ್ರಿಯ

ಇತಿಹಾಸದ ಕಡೆಯಿಂದ ಒಂದಷ್ಟು ಹೇಳಬೇಕು. ಕಂತಿನ ಇಪ್ಪತ್ತು ಸಾವಿರ ಎಂಬ ಸಂಖ್ಯೆ ನನ್ನನ್ನು ಬಹಳ ಕಾಡುತ್ತದೆ. ಪಾಂಪೆಯ ಜನಸಂಖ್ಯೆಯನ್ನು ಇಂದಿನ ವಿದ್ವಾಂಸರು ಸಾಮಾನ್ಯವಾಗಿ ಹತ್ತು, ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಇಡುತ್ತಾರೆ. ಇದುವರೆಗಿನ ಉತ್ಖನನದಲ್ಲಿ ಅಲ್ಲಿ ಸಿಕ್ಕ ಮೃತರ ಅವಶೇಷಗಳು ಸಾವಿರಕ್ಕೆ ತುಸು ಹೆಚ್ಚು. ಊರಿನ ಸುಮಾರು ಮೂರನೇ ಒಂದು ಭಾಗ ಇನ್ನೂ ಮಣ್ಣಿನಡಿಯಲ್ಲಿದೆ, ಊರ ಹೊರಗೆ ದಾರಿಯಲ್ಲಿ ಸತ್ತವರ ಲೆಕ್ಕವೂ ಪೂರ್ತಿಯಾಗಿಲ್ಲ. ಅದನ್ನೆಲ್ಲ ಸೇರಿಸಿದರೂ ಬಹಳಷ್ಟು ಮಂದಿ ತಪ್ಪಿಸಿಕೊಂಡಿರಬೇಕು. ಇತಿಹಾಸಕಾರ ಸ್ಟೀವನ್ ಟಕ್ ಅವರು ಪಾಂಪೆ ಮತ್ತು ಅದರೊಂದಿಗೇ ಹೂತುಹೋದ ನೆರೆಯ ಪಟ್ಟಣ ಹರ್ಕ್ಯುಲೇನಿಯಂನ ಕುಟುಂಬನಾಮಗಳನ್ನು ಸುತ್ತಲಿನ ಊರುಗಳ ಶಾಸನಗಳಲ್ಲಿ ಹುಡುಕಿ, ಕ್ಯೂಮಿ, ಪುಟಿಯೋಲಿ, ನಿಯಾಪೊಲಿಸ್, ಓಸ್ಟಿಯಾಗಳಲ್ಲಿ ನಿರಾಶ್ರಿತರು ನೆಲೆಸಿದ ಜಾಡನ್ನು ಗುರುತಿಸಿದ್ದಾರೆ. ಚಕ್ರವರ್ತಿ ಟೈಟಸ್ ವಾರಸುದಾರರಿಲ್ಲದೆ ಸತ್ತವರ ಆಸ್ತಿಯನ್ನು ಹಾನಿಗೊಳಗಾದ ಊರುಗಳ ಪುನರ್ನಿರ್ಮಾಣಕ್ಕೆ ಕೊಟ್ಟನೆಂದು ರೋಮನ್ ಚರಿತ್ರಕಾರ ಸ್ಯೂಟೋನಿಯಸ್ ಬರೆದಿದ್ದಾನೆ.

ಅಂದರೆ ಬದುಕಿ ಉಳಿದ ಕೇಸಿಲಿಯಸ್ ಕುಟುಂಬ ಚರಿತ್ರೆಗೆ ಮಾಡಿದ ಮೋಸವಲ್ಲ. ಅಂಥ ಕುಟುಂಬಗಳು ನಿಜವಾಗಿಯೂ ಇದ್ದವು.

ಇನ್ನೊಂದು. ಲೂಸಿಯಸ್ ಕೇಸಿಲಿಯಸ್ ಯುಕುಂಡಸ್ ಎಂಬುವನು ಪಾಂಪೆಯಲ್ಲಿ ನಿಜಕ್ಕೂ ಬಾಳಿದವನು. ಹರಾಜು ನಡೆಸುತ್ತಿದ್ದ, ಹಣಕಾಸಿನ ವ್ಯವಹಾರ ನೋಡಿಕೊಳ್ಳುತ್ತಿದ್ದ. ಅವನ ಮನೆಯಲ್ಲಿ 1875ರಲ್ಲಿ ನೂರೈವತ್ತಕ್ಕೂ ಹೆಚ್ಚು ಮೇಣದ ಹಲಗೆಗಳು ಸಿಕ್ಕವು. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ರಸೀದಿಗಳು. ಅವು ಸಾ.ಶ. 62ರ ಆರಂಭಕ್ಕೆ ನಿಂತುಹೋಗುತ್ತವೆ. ಆ ವರ್ಷದ ಫೆಬ್ರವರಿಯಲ್ಲಿ ಪಾಂಪೆಯನ್ನು ದೊಡ್ಡ ಭೂಕಂಪ ಅಲುಗಾಡಿಸಿತ್ತು, ಅವನು ಅದರಲ್ಲೇ ಸತ್ತಿರಬಹುದು ಎಂದು ಅನೇಕರು ಊಹಿಸುತ್ತಾರೆ. ಅದೇ ಮನೆಯ ದೇವರ ಗೂಡಿನಲ್ಲಿ ಒಂದು ಅಮೃತಶಿಲೆಯ ಉಬ್ಬುಶಿಲ್ಪವಿತ್ತು. ಅದರಲ್ಲಿ ಜುಪಿಟರ್ ದೇವರ ಗುಡಿ ಒಂದು ಬದಿಗೆ ವಾಲಿದೆ, ಪಕ್ಕದ ಪ್ರತಿಮೆಗಳೂ ವಾಲಿವೆ. ತಾವು ಕಂಡ ಭೂಕಂಪವನ್ನು ಆ ಮನೆಯವರು ಕಲ್ಲಿನಲ್ಲಿ ಕೆತ್ತಿಸಿ ದೇವರ ಮುಂದಿಟ್ಟಿದ್ದರು. ಕಂತಿನ ಕೊನೆಯಲ್ಲಿ ಕೇಸಿಲಿಯಸ್ ಕುಟುಂಬ ರೋಮ್‌ನ ಹೊಸ ಮನೆಯ ದೇವರ ಗೂಡಿನಲ್ಲಿ ಡಾಕ್ಟರ್ ಮತ್ತು ಡೋನಾರನ್ನೇ ಕೆತ್ತಿಸಿ ಇಟ್ಟಿರುತ್ತದೆ. ಆ ಉಬ್ಬುಶಿಲ್ಪದ ಬಗ್ಗೆ ತಿಳಿದ ಮೇಲೆ ಈ ದೃಶ್ಯವನ್ನು ಮೊದಲಿನಂತೆ ನೋಡಲು ನನ್ನಿಂದ ಆಗಿಲ್ಲ.

ಹೊಸನೋಡುಗ

ಒಂದು ಸಣ್ಣ ಪ್ರಶ್ನೆ. ಕಂತಿನಲ್ಲಿ ಸ್ಫೋಟ ಆಗಸ್ಟ್ 24ಕ್ಕೆ. ಅಕ್ಟೋಬರ್ ಎಂದೂ ಓದಿದ್ದೇನೆ. ಯಾವುದು ಸರಿ?

ಶಾಸನಪ್ರಿಯ

ಆಗಸ್ಟ್ 24 ಎಂಬುದು ಸ್ಫೋಟವನ್ನು ಕಣ್ಣಾರೆ ಕಂಡ ರೋಮನ್ ಲೇಖಕ ಕಿರಿಯ ಪ್ಲಿನಿಯ ಪತ್ರದ ಹಸ್ತಪ್ರತಿಗಳಿಂದ ಬಂದ ಸಾಂಪ್ರದಾಯಿಕ ದಿನಾಂಕ. 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನ ಬರಹವೊಂದು ಸಿಕ್ಕಿತು. ಅದರ ದಿನಾಂಕ ಅಕ್ಟೋಬರ್ 17ಕ್ಕೆ ಹೊಂದುತ್ತದೆ. ಇದ್ದಿಲಿನ ಬರಹ ಹೆಚ್ಚು ಕಾಲ ಉಳಿಯುವಂಥದ್ದಲ್ಲವಾದ್ದರಿಂದ ಅದು ಸ್ಫೋಟದ ವರ್ಷದ್ದೇ ಇರಬೇಕೆಂದು ವಾದಿಸಿ, ಸ್ಫೋಟ ಅಕ್ಟೋಬರ್ ಕೊನೆಯಲ್ಲಿ ಆಯಿತು ಎನ್ನುವವರ ಸಂಖ್ಯೆ ಈಗ ಹೆಚ್ಚಾಗಿದೆ. ಶರತ್ಕಾಲದ ಹಣ್ಣುಗಳ ಅವಶೇಷ ಮೊದಲಾದ ಸುಳಿವುಗಳು ಅದಕ್ಕೂ ಮುನ್ನವೇ ಇದ್ದವು. ಕಂತು ತಯಾರಾದಾಗ ಈ ಬರಹ ಮಣ್ಣಿನೊಳಗೇ ಇತ್ತು, ಹಾಗಾಗಿ ಕಥೆಗಾರರನ್ನು ದೂರುವಂತಿಲ್ಲ.

ಬೂದಿಗುಡ್ಡ

ಜ್ವಾಲಾಮುಖಿಗಳ ಬಗ್ಗೆ ಓದುವುದು ನನ್ನ ಹವ್ಯಾಸ, ಆದ್ದರಿಂದ ಕಂತು ಬಿಟ್ಟುಹೋದ ಒಂದು ಸಂಗತಿಯನ್ನು ಹೇಳಲೇಬೇಕು. ಅದು ನಿಮ್ಮ ಚರ್ಚೆಯ ಬುಡಕ್ಕೇ ಹೋಗುತ್ತದೆ.

ಕಂತಿನಲ್ಲಿ ಸನ್ನೆಗೋಲು ಒತ್ತಿದ ಕೆಲವೇ ನಿಮಿಷಗಳಲ್ಲಿ ಊರಿಗೆ ಊರೇ ಮುಗಿಯುತ್ತದೆ. ವಾಸ್ತವದಲ್ಲಿ ಪಾಂಪೆಗೆ ಸಮಯವಿತ್ತು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದಿಂದ ಮೇಲೆದ್ದ ಕಂಬ, ಕೊಲ್ಲಿಯಾಚೆಯ ಮಿಸೇನಂನಲ್ಲಿದ್ದ ಹದಿನೇಳರ ಹರೆಯದ ಕಿರಿಯ ಪ್ಲಿನಿಗೆ ಕೊಡೆಯಂತೆ ಹರಡಿದ ಪೈನ್ ಮರದ ಹಾಗೆ ಕಂಡಿತು. ಮುಂದಿನ ಸುಮಾರು ಹದಿನೆಂಟು ಗಂಟೆ ಪಾಂಪೆಯ ಮೇಲೆ ಬಿದ್ದದ್ದು ಮುಖ್ಯವಾಗಿ ಪ್ಯೂಮಿಸ್, ಅಂದರೆ ಗುಳ್ಳೆಗಳಿಂದ ತುಂಬಿದ ಹಗುರವಾದ ಕಲ್ಲು. ಅದರ ಭಾರಕ್ಕೆ ಛಾವಣಿಗಳು ಕುಸಿದು ಜನ ಸತ್ತರು, ನಿಜ. ಆದರೂ ಆ ಹೊತ್ತಿನಲ್ಲಿ ತಲೆಗೆ ದಿಂಬು ಕಟ್ಟಿಕೊಂಡು ನಡೆದುಹೋಗಲು ಸಾಧ್ಯವಿತ್ತು. ಅವನ ಸೋದರಮಾವ ಹಿರಿಯ ಪ್ಲಿನಿಯ ಜೊತೆಗಿದ್ದವರು ಹಾಗೆಯೇ ಮಾಡಿದರೆಂದು ಪತ್ರದಲ್ಲಿದೆ. ಮರುದಿನ ಬೆಳಿಗ್ಗೆ ಬಿಸಿ ಅನಿಲ ಮತ್ತು ಬೂದಿಯ ಪ್ರವಾಹಗಳು ಬೆಟ್ಟದಿಂದ ಇಳಿದು ಊರಿಗೆ ನುಗ್ಗಿದವು. ಅಷ್ಟು ಹೊತ್ತಿಗೆ ಊರಲ್ಲಿ ಉಳಿದಿದ್ದವರು ಸತ್ತರು. ಪ್ಲಾಸ್ಟರ್ ಅಚ್ಚುಗಳಲ್ಲಿ ಕಾಣುವ ದೇಹಗಳು ಹೆಚ್ಚಾಗಿ ಅವರವು. ಕೊಳೆತುಹೋದ ದೇಹ ಗಟ್ಟಿಯಾದ ಬೂದಿಯಲ್ಲಿ ಬಿಟ್ಟ ಪೊಳ್ಳಿಗೆ ಪ್ಲಾಸ್ಟರ್ ಸುರಿಯುವ ಈ ವಿಧಾನವನ್ನು ಜುಸೆಪ್ಪೆ ಫಿಯೊರೆಲ್ಲಿ 1863ರಲ್ಲಿ ಬಳಕೆಗೆ ತಂದರು.

ಡೋನಾ ಕಡಲತೀರಕ್ಕೆ ಹೋಗಬೇಡಿ, ಗುಡ್ಡಗಳ ಕಡೆಗೆ ಓಡಿ ಎಂದು ಬೀದಿಯಲ್ಲಿ ಕಿರುಚುವ ದೃಶ್ಯವಿದೆಯಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಹರ್ಕ್ಯುಲೇನಿಯಂ ನೆನಪಾಗುತ್ತದೆ. ಅಲ್ಲಿ ಕಡಲ ದಂಡೆಯ ದೋಣಿಮನೆಗಳಲ್ಲಿ ಸುಮಾರು 300 ಅಸ್ಥಿಪಂಜರಗಳು ಸಿಕ್ಕಿವೆ. ದೋಣಿ ಬರುತ್ತದೆಂದು ಕಾದವರು ಅವರು. ಹಿರಿಯ ಪ್ಲಿನಿ ಸತ್ತದ್ದೂ ನೆರೆಯ ಸ್ಟೇಬಿಯೆ ಊರಿನ ಕಡಲತೀರದಲ್ಲಿ. ಎದುರುಗಾಳಿಗೆ ಹಡಗುಗಳು ಹೊರಡಲಾಗಲಿಲ್ಲ. ಡೋನಾಳ ಮಾತು ಅಕ್ಷರಶಃ ಸರಿಯಾಗಿತ್ತು, ಕೇಳುವ ಕಿವಿ ಒಂದೂ ಇರಲಿಲ್ಲ.

ಕಾಲಯಾನಿ ಅವರು ಹೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿಗೆ ಹಚ್ಚಿ ನೋಡಿ. ಅಗ್ನಿಪರ್ವತವನ್ನು ತಡೆಯುವ ಶಕ್ತಿ ಅಂದಿಗೂ ಇರಲಿಲ್ಲ, ಇಂದಿಗೂ ಇಲ್ಲ. ಬೆಟ್ಟ ನಿಜಕ್ಕೂ ಸ್ಥಿರ ಬಿಂದು. ಆದರೆ ಮನುಷ್ಯರಿಗೆ ಕಾಲುಗಳಿವೆ.

ಕಾಲಯಾನಿ

ಬೂದಿಗುಡ್ಡ ಅವರೇ, ಹಿರಿಯ ಪ್ಲಿನಿಯ ಹೆಸರೆತ್ತಿ ಒಳ್ಳೆಯದು ಮಾಡಿದಿರಿ. ಈ ಕಂತಿಗೆ ಅವನಿಗಿಂತ ಹೊಂದುವ ವ್ಯಕ್ತಿ ಆ ದಿನದ ಚರಿತ್ರೆಯಲ್ಲಿ ಇನ್ನೊಬ್ಬನಿಲ್ಲ. ಅವನು ಮಿಸೇನಂನ ನೌಕಾದಳದ ಅಧಿಪತಿ. ಮೊದಲು ಹೊರಟದ್ದು ಕುತೂಹಲದಿಂದ. ಪ್ರಕೃತಿಯ ವಿಚಿತ್ರವನ್ನು ಹತ್ತಿರದಿಂದ ನೋಡಬೇಕೆಂದು ಒಂದು ಹಗುರವಾದ ದೋಣಿಯನ್ನು ಸಿದ್ಧಪಡಿಸಲು ಹೇಳಿದ್ದ. ಅಷ್ಟರಲ್ಲಿ ಬೆಟ್ಟದ ಬುಡದಲ್ಲಿ ಮನೆಯಿದ್ದ ರೆಕ್ಟಿನಾ ಎಂಬ ಹೆಣ್ಣುಮಗಳಿಂದ ಕಾಪಾಡಿ ಎಂಬ ಸಂದೇಶ ಬಂತು. ಕೂಡಲೇ ಯೋಜನೆ ಬದಲಿಸಿ ದೊಡ್ಡ ಯುದ್ಧನೌಕೆಗಳನ್ನು ನೀರಿಗಿಳಿಸಿದ. ಎಲ್ಲರೂ ಯಾವ ಕಡೆಯಿಂದ ಓಡಿಬರುತ್ತಿದ್ದರೋ ಆ ಕಡೆಗೇ ಚುಕ್ಕಾಣಿ ತಿರುಗಿಸಿದ.

ನೋಡಲು ಹೊರಟವನನ್ನು ಒಂದು ಕೂಗು ಕಾಪಾಡುವವನನ್ನಾಗಿ ಮಾಡಿತು. ಡಾಕ್ಟರನ ಕಥೆಯೂ ಇದೇ ಅಲ್ಲವೇ?

ಅಕ್ಷಿಪಟಲ

ಯಾರೂ ಎವೆಲಿನಾ ಬಗ್ಗೆ ಮಾತನಾಡುತ್ತಿಲ್ಲವೆಂದು ಬೇಸರವಾಯಿತು. ನನಗೆ ಇಡೀ ಕಂತಿನ ಜೀವ ಅವಳಲ್ಲಿದೆ.

ಬೆಟ್ಟದ ಆವಿಯನ್ನು ಉಸಿರಾಡಿ ಭವಿಷ್ಯ ಕಾಣುವ ಹುಡುಗಿ. ತಂದೆತಾಯಿಗೆ ಅದರ ಹೆಮ್ಮೆ. ಅವಳು ಡೋನಾ ಮುಂದೆ ತೋಳಿನ ಪಟ್ಟಿ ಬಿಚ್ಚಿ ತೋರಿಸುವ ಕ್ಷಣ ನೆನಪಿದೆಯೇ? ಚರ್ಮ ಕಲ್ಲಾಗಿದೆ. ಊರಿನಲ್ಲಿ ಭವಿಷ್ಯ ಹೇಳುವ ಅರ್ಚಕಿಯರ ಮುಖ್ಯಸ್ಥೆಯಂತೂ ಪೂರ್ತಿ ಕಲ್ಲು. ಭವಿಷ್ಯ ಹೆಚ್ಚು ಕಂಡಷ್ಟೂ ದೇಹ ಹೆಚ್ಚು ಕಲ್ಲಾಗುತ್ತದೆ. ಈ ಕಾಯಿಲೆ ಡಾಕ್ಟರನಿಗೂ ಇದೆ. ಆಗಿದ್ದು, ಆಗುವುದು, ಆಗಬಾರದ್ದು ಎಲ್ಲವೂ ಕ್ಷಣಕ್ಷಣವೂ ತನಗೆ ಕಾಣುತ್ತದೆಂದು ಅವನೇ ಹೇಳಿಕೊಳ್ಳುತ್ತಾನೆ. ಇಪ್ಪತ್ತು ಸಾವಿರ ಎನ್ನುವಾಗ ಅವನ ಮುಖ ನೋಡಿ. ಎದೆ ಕಲ್ಲು ಮಾಡಿಕೊಂಡಿದ್ದಾನೆ ಎಂಬ ಮಾತು ಅಲ್ಲಿ ಕಣ್ಣಿಗೆ ಕಾಣುತ್ತದೆ. ಸ್ಫೋಟದ ನಂತರ ಗುಡ್ಡದ ಮೇಲೆ ನಿಂತಾಗ ಎವೆಲಿನಾಗೆ ಭವಿಷ್ಯ ಕಾಣುವುದು ನಿಂತುಹೋಗುತ್ತದೆ, ನೀನಿನ್ನು ಸ್ವತಂತ್ರಳು ಎಂದು ಡಾಕ್ಟರ್ ಹೇಳುತ್ತಾನೆ. ಅವನಿಗೆ ಆ ಬಿಡುಗಡೆ ಇಲ್ಲ. ಅವನಿಗಿರುವುದು ಪಕ್ಕದಲ್ಲಿ ನಿಂತು ಬೈಯುವ ಡೋನಾ ಒಬ್ಬಳೇ.

ಡೋನಾ ಎಷ್ಟು ಸಲ ಸೋತಳು ನೋಡಿ. ಎವೆಲಿನಾಗೆ ನಾಳೆಯ ಸತ್ಯ ಹೇಳಿದಳು. ಅರ್ಚಕಿಯರು ಅದನ್ನು ಕೇಳಿಸಿಕೊಂಡು ಸುಳ್ಳು ಭವಿಷ್ಯವೆಂದು ಅವಳನ್ನೇ ಬಲಿಪೀಠಕ್ಕೆ ಕಟ್ಟಿದರು. ಬೀದಿಯಲ್ಲಿ ಕೂಗಿದಳು, ಒಬ್ಬರೂ ನಿಲ್ಲಲಿಲ್ಲ. ಅಳುತ್ತಿದ್ದ ಮಗುವನ್ನು ಎತ್ತಿಕೊಳ್ಳಲು ಹೋದರೆ ತಾಯಿ ಕಿತ್ತುಕೊಂಡು ಹೋದಳು. ಇಷ್ಟಾದ ಮೇಲೂ ಟಾರ್ಡಿಸ್‌ನಲ್ಲಿ ಡಾಕ್ಟರನ ಮುಂದೆ ನಿಂತು ಇಡೀ ಊರು ಬೇಡ, ಯಾರನ್ನಾದರೂ ಒಬ್ಬರನ್ನು ಉಳಿಸು ಎಂದು ಬೇಡುತ್ತಾಳೆ. ಇಲ್ಲಿ ಟೇಟ್ ಅವರ ಅಭಿನಯ ಎಂಥದ್ದು! ಅದುವರೆಗೆ ಅವರನ್ನು ಹಾಸ್ಯನಟಿಯೆಂದು ಮಾತ್ರ ಬಲ್ಲವರು ಈ ದೃಶ್ಯಕ್ಕೆ ಬಾಯಿಕಟ್ಟಿ ಕೂತಿದ್ದರು.

ನಿಷ್ಠುರ

ಎವೆಲಿನಾ ಬಗ್ಗೆ ಹೇಳಿದ್ದು ಬಹಳ ಹಿಡಿಸಿತು. ಆದರೂ ನನ್ನ ಮೂಲ ಪ್ರಶ್ನೆ ಹಾಗೆಯೇ ನಿಂತಿದೆ, ಅದಕ್ಕೆ ಸಾಕ್ಷಿಯನ್ನು ಇದೇ ಧಾರಾವಾಹಿಯಿಂದ ತರುತ್ತೇನೆ.

2009ರ ನವೆಂಬರ್ 15ರಂದು ಪ್ರಸಾರವಾದ ‘ದಿ ವಾಟರ್ಸ್ ಆಫ್ ಮಾರ್ಸ್’ ನೋಡಿ. ಮಂಗಳ ಗ್ರಹದ ಬೋವಿ ಬೇಸ್ ಒನ್, 2059ರ ನವೆಂಬರ್ 21. ನೆಲೆಯ ನಾಯಕಿ ಅಡಿಲೇಡ್ ಬ್ರೂಕ್ ಮತ್ತು ಅವಳ ಸಂಗಡಿಗರು ಅಂದು ಸಾಯಬೇಕು. ಅವಳ ಸಾವೇ ಅವಳ ಮೊಮ್ಮಗಳನ್ನು ನಕ್ಷತ್ರಗಳತ್ತ ಹೊರಡಿಸುತ್ತದೆ. ಅದೂ ಸ್ಥಿರ ಬಿಂದು. ಡಾಕ್ಟರ್ ಮೊದಲು ಹೊರಟುಹೋಗುತ್ತಾನೆ. ಬಾಹ್ಯಾಕಾಶ ಉಡುಪಿನ ರೇಡಿಯೋದಲ್ಲಿ ಅವರು ಸಾಯುವ ಸದ್ದು ಕೇಳಿಸುತ್ತಿರುತ್ತದೆ. ತಿರುಗಿ ಬಂದು ಮೂವರನ್ನು ಉಳಿಸಿ ಭೂಮಿಗೆ ತರುತ್ತಾನೆ. ಆಮೇಲೆ ಅವನಾಡುವ ಮಾತುಗಳು ಭಯ ಹುಟ್ಟಿಸುತ್ತವೆ. ಕಾಲದ ನಿಯಮಗಳು ಇನ್ನು ತನ್ನ ಅಡಿಯಾಳುಗಳೆಂಬ ಧಾಟಿ. ಹಿಂದೆ ಕೆಲವು ಸಣ್ಣ ಜನರನ್ನು ಉಳಿಸಿದ್ದೆ, ನಿನ್ನಂಥ ಮುಖ್ಯಳನ್ನು ಇದೇ ಮೊದಲು ಎಂಬ ಅರ್ಥದಲ್ಲಿ ಅಡಿಲೇಡ್‌ಗೆ ಹೇಳುತ್ತಾನೆ. ಸಣ್ಣವರು ಎಂದು ತೀರ್ಮಾನಿಸಲು ನೀನು ಯಾರು ಎಂದು ಅವಳು ತಿರುಗಿ ಬೀಳುತ್ತಾಳೆ. ಮನೆಯೊಳಗೆ ಹೋಗಿ ತನ್ನನ್ನೇ ಗುಂಡಿಟ್ಟುಕೊಂಡು ಚರಿತ್ರೆಯನ್ನು ಅದರ ಜಾಗಕ್ಕೆ ಮರಳಿಸುತ್ತಾಳೆ.

ಆ ಸಣ್ಣ ಜನ ಯಾರು? ಕೇಸಿಲಿಯಸ್ ಕುಟುಂಬದಂಥವರೇ ಅಲ್ಲವೇ? ಪಾಂಪೆಯಲ್ಲಿ ನಾವು ಕಣ್ಣೀರಿಟ್ಟು ಒಪ್ಪಿಕೊಂಡ ಆ ವಿನಾಯಿತಿಯೇ ಮಂಗಳದ ಅಹಂಕಾರಕ್ಕೆ ಬೀಜ. ಒಬ್ಬರನ್ನು ಉಳಿಸಬಲ್ಲೆ ಎಂದವನು ಯಾರನ್ನು ಉಳಿಸಬೇಕೆಂದು ಆರಿಸುವ ಅಧಿಕಾರವನ್ನೂ ಕೈಗೆ ತೆಗೆದುಕೊಳ್ಳುತ್ತಾನೆ.

ಕಾಲಯಾನಿ

ಇದು ಈವರೆಗೆ ಬಂದ ಅತಿ ಗಟ್ಟಿಯಾದ ವಾದ, ಅದಕ್ಕೆ ನಿಧಾನವಾಗಿ ಉತ್ತರಿಸುತ್ತೇನೆ.

ಎರಡು ಕಂತುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ವ್ಯತ್ಯಾಸ ಎಲ್ಲಿದೆ? ಎರಡರಲ್ಲೂ ಸ್ಥಿರ ಬಿಂದು, ಎರಡರಲ್ಲೂ ಡಾಕ್ಟರ್ ಹೊರಟುಹೋಗಿ ಮರಳುತ್ತಾನೆ, ಎರಡರಲ್ಲೂ ಬೆರಳೆಣಿಕೆಯ ಮಂದಿ ಉಳಿಯುತ್ತಾರೆ. ಕೇಸಿಲಿಯಸ್ ಚರಿತ್ರೆಗೆ ಬೇಡದವನು, ಅಡಿಲೇಡ್ ಬೇಕಾದವಳು ಎಂಬ ಉತ್ತರ ಸುಲಭ. ಅದನ್ನು ನಾನು ಒಪ್ಪುವುದಿಲ್ಲ. ಅಡಿಲೇಡ್ ಅದನ್ನು ಎದುರಿಗೇ ಸೀಳಿ ಹಾಕುತ್ತಾಳೆ.

ಪಾಂಪೆಯಲ್ಲಿ ಡಾಕ್ಟರ್ ತಿರುಗಿ ಬಂದದ್ದು ಯಾರೋ ಬೇಡಿದ್ದರಿಂದ. ಆ ಬೇಡಿದವಳು ಕೆಲವೇ ನಿಮಿಷಗಳ ಹಿಂದೆ ಸನ್ನೆಗೋಲಿನ ಮೇಲೆ ಅವನ ಜೊತೆ ಕೈಯಿಟ್ಟವಳು. ಕೊಂದ ಭಾರವನ್ನು ಹೊತ್ತವಳಿಗೆ ಉಳಿಸು ಎಂದು ಕೇಳುವ ಹಕ್ಕಿತ್ತು. ಟಾರ್ಡಿಸ್‌ನೊಳಗೆ ಅವಳು ಅವನ ಸುಟ್ಟುಹೋದ ಸ್ವಂತ ಗ್ರಹದ ಮಾತೆತ್ತಿದಾಗ, ಹಿಂದಕ್ಕೆ ಹೋಗಿ ಅವರನ್ನು ಉಳಿಸಲಾಗಿದ್ದರೆ ಉಳಿಸುತ್ತಿದ್ದೆ, ಆಗದು ಎಂದು ಅವನು ಒಡೆದುಹೋಗುತ್ತಾನೆ. ಅಲ್ಲಿ ಗೊತ್ತಾಗುತ್ತದೆ, ಇಷ್ಟು ಹೊತ್ತು ಕಾಲದ ನಿಯಮವೆಂದು ಅವನು ಹೇಳುತ್ತಿದ್ದುದರಲ್ಲಿ ಅರ್ಧ ದುಃಖವಿತ್ತು. ತನ್ನವರನ್ನು ಉಳಿಸಲಾಗದವನಿಗೆ ಬೇರೆಯವರನ್ನು ಉಳಿಸುವುದೂ ಒಂದು ಬಗೆಯ ದ್ರೋಹವೆನಿಸಿತ್ತೇನೋ. ಹಾಗೆ ಅಡಗಿದ್ದನ್ನು ಡೋನಾ ಹೊರಗೆಳೆದ ಮೇಲೆ ಅವನು ಬಾಗಿಲು ತೆರೆದು ಕೇಸಿಲಿಯಸ್‌ಗೆ ಕೈ ಚಾಚುತ್ತಾನೆ.

ಮಂಗಳದಲ್ಲಿ ಅವನು ಒಂಟಿ. ಪಕ್ಕದಲ್ಲಿ ನಿಂತು ಬೇಡುವ, ತಡೆದು ನಿಲ್ಲಿಸುವ ಸಂಗಾತಿ ಇಲ್ಲ. ಅಡಿಲೇಡ್ ಬೇಡವೆಂದರೂ ಅವನು ಕೇಳುವುದಿಲ್ಲ. ಪಾಂಪೆಯಲ್ಲಿ ಅವನು ಇನ್ನೊಬ್ಬರ ಮಾತಿಗೆ ಮಣಿದ, ಮಂಗಳದಲ್ಲಿ ಎಲ್ಲರ ಮಾತನ್ನೂ ಮೀರಿದ. ಅಲ್ಲಿ ಉಳಿದವರು ಅವನ ಬಲದ ಸಾಕ್ಷಿಗಳು. ಪಾಂಪೆಯಲ್ಲಿ ಉಳಿದವರು ಅವನು ಸೋತದ್ದಕ್ಕೆ ಸಾಕ್ಷಿಗಳು, ಒಳ್ಳೆಯ ಅರ್ಥದಲ್ಲಿ ಸೋತದ್ದಕ್ಕೆ. ಹಾಗಾಗಿ ಬೀಜ ಒಂದೇ ಎಂಬ ಮಾತನ್ನು ನಾನು ಒಪ್ಪಲಾರೆ.

ಪಕ್ಕದ ಮನೆಯವರ ಬಗ್ಗೆ ನೀವು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ. ಕಂತೂ ಉತ್ತರ ಕೊಡುವುದಿಲ್ಲ. ಅದು ಆ ಪ್ರಶ್ನೆಯನ್ನು ಮುಚ್ಚಿಡುವುದೂ ಇಲ್ಲ. ನಾಲ್ವರು ಉಳಿದದ್ದು ನ್ಯಾಯವಲ್ಲ, ಕರುಣೆ. ಕರುಣೆಗೆ ಸಮಪಾಲು ಹಂಚುವ ತಕ್ಕಡಿ ಇಲ್ಲ ಎಂದು ಅದನ್ನೇ ಬಿಟ್ಟುಬಿಟ್ಟರೆ ಉಳಿಯುವವರು ಸೊನ್ನೆ.

ಹಳೆಯಕಂತು

ಈ ಧಾರಾವಾಹಿಯ ಹಳೆಯ ಕಂತುಗಳನ್ನು ನೋಡಿದವರಿಗೆ ಇದರ ಬೇರು ಎಲ್ಲಿದೆ ಎಂದು ಗೊತ್ತಿರುತ್ತದೆ. 1964ರ ಮೇ, ಜೂನ್ ತಿಂಗಳಲ್ಲಿ ಬಂದ ‘ದಿ ಆಜ್‌ಟೆಕ್ಸ್’. ಚರಿತ್ರೆಯ ಅಧ್ಯಾಪಕಿ ಬಾರ್ಬರಾಳನ್ನು ಆಜ್‌ಟೆಕ್ ಜನ ತಮ್ಮ ಸತ್ತ ಅರ್ಚಕನ ಪುನರ್ಜನ್ಮವೆಂದು ನಂಬುತ್ತಾರೆ. ಆ ಅಧಿಕಾರ ಬಳಸಿ ನರಬಲಿ ನಿಲ್ಲಿಸಿದರೆ ಮುಂದೆ ಇಡೀ ನಾಗರಿಕತೆ ಉಳಿಯಬಹುದೆಂದು ಅವಳು ಹಟ ಹಿಡಿಯುತ್ತಾಳೆ. ಚರಿತ್ರೆಯ ಒಂದು ಸಾಲನ್ನೂ ಬದಲಿಸಲಾಗದೆಂದು ಮೊದಲ ಡಾಕ್ಟರ್ (ಈ ಪಾತ್ರ ಕಾಲಕಾಲಕ್ಕೆ ಹೊಸ ಮುಖ ತಳೆಯುತ್ತದೆ, ನಟರೂ ಬದಲಾಗುತ್ತಾರೆ) ಸಿಡಿಮಿಡಿಗೊಳ್ಳುತ್ತಾನೆ. ಎಲ್ಲರೂ ನೆನಪಿಟ್ಟುಕೊಂಡಿರುವುದು ಈ ಮಾತನ್ನು. ಕೊನೆಯಲ್ಲಿ ಸೋತು ಕುಳಿತ ಬಾರ್ಬರಾಗೆ ಅವನು ಹೇಳುವ ಸಮಾಧಾನವನ್ನು ಬಹಳ ಮಂದಿ ಮರೆತಿದ್ದಾರೆ: ನಾಗರಿಕತೆಯನ್ನು ಉಳಿಸಲಾಗಲಿಲ್ಲ, ಆದರೆ ಒಬ್ಬ ಮನುಷ್ಯನಿಗೆ ನೆರವಾದೆ. ಆಟ್‌ಲಾಕ್ ಎಂಬ ಒಬ್ಬನೇ ಒಬ್ಬ ಅವಳ ಮಾತಿನಿಂದ ಬದಲಾಗಿದ್ದ.

ನಲವತ್ತನಾಲ್ಕು ವರ್ಷಗಳ ನಂತರ ಡೋನಾ ಕೇಳುವುದೂ ಅದನ್ನೇ. ಹಾಗಾಗಿ ನಿಯಮವನ್ನು ಕೊನೆಯ ಐದು ನಿಮಿಷದಲ್ಲಿ ಸಡಿಲಿಸಿದರು ಎಂಬ ದೂರು ನಿಲ್ಲುವುದಿಲ್ಲ. ನಿಯಮದ ಪಕ್ಕದಲ್ಲೇ ಈ ಸಂದು ಮೊದಲಿನಿಂದಲೂ ಇತ್ತು.

ಹೊಸನೋಡುಗ

ಕೇಸಿಲಿಯಸ್ ಪಾತ್ರ ಮಾಡಿದವರೇ ಮುಂದೆ ಡಾಕ್ಟರ್ ಆದರಂತೆ, ನಿಜವೇ?

ಹಳೆಯಕಂತು

ನಿಜ. ಪೀಟರ್ ಕಪಾಲ್ಡಿ. 2013ರ ಕೊನೆಯಿಂದ 2017ರವರೆಗೆ ಹನ್ನೆರಡನೆಯ ಡಾಕ್ಟರ್ ಆಗಿದ್ದರು. ಅರ್ಚಕಿಯರಲ್ಲಿ ಒಬ್ಬಳಾಗಿ ಮುಖಕ್ಕೆ ಬಿಳಿ ಬಳಿದುಕೊಂಡು ಕಾಣಿಸಿಕೊಂಡ ಕ್ಯಾರೆನ್ ಗಿಲನ್ 2010ರಲ್ಲಿ ಡಾಕ್ಟರನ ಹೊಸ ಸಂಗಾತಿ ಏಮಿ ಪಾಂಡ್ ಆಗಿ ಬಂದರು. ಚಿತ್ರೀಕರಣದ ಬಹುಭಾಗ ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ, ಬೇರೊಂದು ಧಾರಾವಾಹಿಗೆ ಕಟ್ಟಿದ್ದ ಬೀದಿಗಳಲ್ಲಿ ನಡೆಯಿತು.

ಕಪಾಲ್ಡಿ ವಿಷಯ ಬರಿಯ ಕಾಕತಾಳೀಯವಾಗಿ ಉಳಿಯಲಿಲ್ಲ. 2015ರ ಅಕ್ಟೋಬರ್ 17ರ ‘ದಿ ಗರ್ಲ್ ಹೂ ಡೈಡ್’ ಕಂತಿನಲ್ಲಿ, ಸತ್ತ ಒಬ್ಬ ಹುಡುಗಿಯ ಮುಂದೆ ಕೈಚೆಲ್ಲಿ ಕುಳಿತ ಡಾಕ್ಟರ್ ನೀರಿನಲ್ಲಿ ತನ್ನ ಮುಖ ಕಂಡು ಬೆಚ್ಚುತ್ತಾನೆ. ಈ ಮುಖವನ್ನು ತಾನು ಏಕೆ ತಳೆದೆ ಎಂದು ಆಗ ಹೊಳೆಯುತ್ತದೆ. ಕೇಸಿಲಿಯಸ್‌ನ ಮುಖ, ಅಂದು ಒಬ್ಬರನ್ನಾದರೂ ಉಳಿಸು ಎಂದ ಡೋನಾಳ ಮಾತು. ತಾನು ಮರೆಯದಿರಲೆಂದು ತನಗೇ ಕಳಿಸಿಕೊಂಡ ನೆನಪೋಲೆ ಅದು.

ಅಕ್ಷಿಪಟಲ

ಡೋನಾಗೆ ಡಾಕ್ಟರನೊಂದಿಗೆ ಕಳೆದ ಯಾವುದೂ ನೆನಪಿರದಂತೆ ಆ ಸರಣಿ ಮುಗಿದಿತ್ತು. ಅವಳು ಮರೆತದ್ದನ್ನು ಅವನು ಮುಖದಲ್ಲಿ ಹೊತ್ತು ತಿರುಗುತ್ತಿದ್ದ.

ಬೂದಿಗುಡ್ಡ

ನಿಷ್ಠುರ ಅವರ ಪಕ್ಕದ ಮನೆಯವರ ಪ್ರಶ್ನೆಗೆ ಕಥೆಯ ಹೊರಗೆ ಒಂದು ಉತ್ತರವಿದೆ ಎಂದು ನನಗನ್ನಿಸುತ್ತದೆ.

ಕೊಲಂಬಿಯಾದ ನೆವಾಡೊ ಡೆಲ್ ರೂಯಿಸ್, 1985ರ ನವೆಂಬರ್ 13. ಶಿಖರದ ಹಿಮ ಕರಗಿ ಕೆಸರಿನ ಪ್ರವಾಹ ಕಣಿವೆಗಿಳಿದು ಅರ್ಮೆರೊ ಪಟ್ಟಣವನ್ನು ಮುಚ್ಚಿತು. ಒಟ್ಟು ಸುಮಾರು 23,000 ಮಂದಿ ಸತ್ತರು. ಸಂಖ್ಯೆಯನ್ನು ಗಮನಿಸಿ, ಡಾಕ್ಟರ್ ಹೇಳಿದ್ದಕ್ಕೆ ಎಷ್ಟು ಹತ್ತಿರ. ಯಾವ ಊರುಗಳಿಗೆ ಅಪಾಯವೆಂದು ತೋರಿಸುವ ನಕ್ಷೆ ಅದಕ್ಕೂ ಒಂದು ತಿಂಗಳು ಮೊದಲೇ ತಯಾರಾಗಿತ್ತು. ಸ್ಫೋಟಕ್ಕೂ ಕೆಸರು ಪಟ್ಟಣ ತಲುಪಿದ್ದಕ್ಕೂ ನಡುವೆ ಎರಡು ಗಂಟೆಗೂ ಹೆಚ್ಚು ಅಂತರವಿತ್ತು. ಎತ್ತರದ ಜಾಗ ನಡಿಗೆಯ ದೂರದಲ್ಲಿತ್ತು. ನಾಳೆಯನ್ನು ಕಂಡವರು ಇದ್ದರು, ಕೂಗಿದವರೂ ಇದ್ದರು, ತೀರ್ಮಾನಿಸಬೇಕಾದವರು ತೀರ್ಮಾನಿಸಲಿಲ್ಲ.

ಆರು ವರ್ಷಗಳ ನಂತರ ಫಿಲಿಪ್ಪೀನ್ಸ್‌ನ ಪಿನಾಟುಬೋ. 1991ರ ಜೂನ್ 15ರ ಸ್ಫೋಟ ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸ್ಫೋಟಗಳಲ್ಲಿ ಒಂದು. ಅಲ್ಲಿನ ಜ್ವಾಲಾಮುಖಿ ಸಂಸ್ಥೆ ಮತ್ತು ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವಿಜ್ಞಾನಿಗಳು ವಾರಗಟ್ಟಲೆ ಕಂಪನಗಳನ್ನೂ ಅನಿಲವನ್ನೂ ಅಳೆಯುತ್ತ, ಎಚ್ಚರಿಕೆಯ ಮಟ್ಟವನ್ನು ಹಂತಹಂತವಾಗಿ ಏರಿಸುತ್ತ ಹೋದರು. ಹತ್ತಾರು ಸಾವಿರ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು. ಆದರೂ ಸತ್ತವರಿದ್ದಾರೆ, ಹೆಚ್ಚಾಗಿ ಅದೇ ಹೊತ್ತಿಗೆ ಬಂದ ಚಂಡಮಾರುತದ ಮಳೆಗೆ ಒದ್ದೆಯಾದ ಬೂದಿಯ ಭಾರಕ್ಕೆ ಛಾವಣಿ ಕುಸಿದು. ಆದರೆ ಕನಿಷ್ಠ ಐದು ಸಾವಿರ ಜೀವಗಳು ಉಳಿದವು ಎಂಬುದು ಆ ಸಂಸ್ಥೆಗಳ ಅಂದಾಜು.

ಆ ಐದು ಸಾವಿರ ಮಂದಿ ಯಾರೆಂದು ಯಾರೂ ಬೆರಳು ಮಾಡಿ ತೋರಿಸಲಾರರು. ಬದುಕಿದವರಲ್ಲಿ ಯಾರು ಸಾಯಬೇಕಿತ್ತು ಎಂದು ಅವರಿಗೇ ಗೊತ್ತಿಲ್ಲ. ಅಲ್ಲಿ ಮುಖ ನೋಡಿ ಆರಿಸಲಿಲ್ಲ. ಕೇಸಿಲಿಯಸ್‌ನ ಮನೆಯೂ ಪಕ್ಕದ ಮನೆಯೂ ಒಟ್ಟಿಗೇ ಖಾಲಿಯಾದವು.

ನಿಷ್ಠುರ

ಈ ಉತ್ತರವನ್ನು ಒಪ್ಪುತ್ತೇನೆ, ಏಕೆಂದರೆ ಇದು ಡಾಕ್ಟರನ ವಿನಾಯಿತಿಗಿಂತ ದೊಡ್ಡದು. ಕಂತಿನ ಮೇಲಿನ ನನ್ನ ಸಿಟ್ಟು ಪೂರ್ತಿ ಹೋಗಿಲ್ಲ. ನಾಲ್ವರು ಗುಡ್ಡದ ಮೇಲೆ ನಿಂತು ಉರಿಯುವ ಊರನ್ನು ನೋಡುವಾಗ ಮೆಟೆಲ್ಲಾಳ ಮುಖದ ಮೇಲೆ ಕ್ಯಾಮೆರಾ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕಿತ್ತು. ಬದುಕಿ ಉಳಿದವರು ಸತ್ತ ನೆರೆಯವರ ಹೆಸರುಗಳನ್ನು ಒಮ್ಮೆಯಾದರೂ ಹೇಳಬೇಕಿತ್ತು. ಆರು ತಿಂಗಳ ನಂತರದ ದೃಶ್ಯದಲ್ಲಿ ಮಗಳ ಉಡುಪು, ಮಗನ ವೈದ್ಯವಿದ್ಯೆ, ವ್ಯಾಪಾರ ಎಲ್ಲವೂ ಬಂತು, ಆ ಹೆಸರುಗಳು ಬರಲಿಲ್ಲ.

ಶಾಸನಪ್ರಿಯ

ಅದು ನ್ಯಾಯವಾದ ದೂರು. ಕಥೆಗಾರರಿಗೆ ಒಂದು ನಿಮಿಷ ಸಾಕಾಗಿತ್ತು. ಯುಕುಂಡಸ್‌ನ ರಸೀದಿಗಳಲ್ಲೇ ಸಾಕ್ಷಿಗಳಾಗಿ ಮುದ್ರೆಯೊತ್ತಿದ ನೂರಾರು ಪಾಂಪೆಯವರ ಹೆಸರುಗಳಿವೆ, ಅವುಗಳಲ್ಲಿ ನಾಲ್ಕನ್ನು ಮೆಟೆಲ್ಲಾಳ ಬಾಯಲ್ಲಿ ಹಾಕಬಹುದಿತ್ತು.

ಕಾಲಯಾನಿ

ಹಾಕಬಹುದಿತ್ತು, ಹಾಕಲೇಬೇಕಿತ್ತು. ಮುಂದಿನ ಸಲ ‘ದಿ ವಾಟರ್ಸ್ ಆಫ್ ಮಾರ್ಸ್’ ಒಂದನ್ನೇ ತೆಗೆದುಕೊಳ್ಳೋಣ. ಅಡಿಲೇಡ್ ಮಾಡಿದ್ದು ಸರಿಯೇ ಎಂಬುದರ ಬಗ್ಗೆ ನಿಷ್ಠುರ ಅವರೇ ಮೊದಲು ಬರೆಯಲಿ.